ಜಾರುಕಂಬಕ್ಕೆ ಹೆದರಿದವರು

ಗಿಮಾನ್ ಕೊನೆಯ ಇಸ್ಪೀಟ್ ಎಲೆಯನ್ನು ಚಾಪೆಗೆ ಬಡಿದು "ಗೆದ್ದೆ!" ಎಂದು ಕೂಗಿದ್ದೇ ತಡ, ವರ್ದೊಯೊ ಅವನ ಬಾಯಿ ಮುಚ್ಚಿದ.

"ಮೆಲ್ಲಗೆ ಕಣಯ್ಯಾ! ಈ ಮನೇಲಿ ಯಾರೂ ಇಲ್ಲ, ನೆನಪಿರಲಿ."

ವರ್ದೊಯೊನ ಮನೆಯಲ್ಲಿ ಮೂವರಿದ್ದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಸದ್ದಾಗುತ್ತದೆಂದು ಫ್ಯಾನನ್ನೂ ಹಾಕಿರಲಿಲ್ಲ. ಬರಿಮೈಯಲ್ಲಿ ಬೆವರು ಒರೆಸಿಕೊಳ್ಳುತ್ತ, ತಣ್ಣಗಾದ ಬಾಳೆಹಣ್ಣಿನ ಬೋಂಡ ಮೆಲ್ಲುತ್ತ, ಅವರು ಆಗಸ್ಟ್ ಹದಿನೇಳರ ಸ್ವಾತಂತ್ರ್ಯ ದಿನದ ರಜೆಯ ಸುಖವನ್ನು ಅನುಭವಿಸುತ್ತಿದ್ದರು. ಸ್ವತಂತ್ರ ಇಂಡೊನೇಷ್ಯಾದ ಪ್ರಜೆ ಸ್ವಂತ ಮನೆಯಲ್ಲೇ ಕಳ್ಳನ ಹಾಗೆ ಪಿಸುಗುಟ್ಟಬೇಕಾಗಿತ್ತು.

ಇದಕ್ಕೆಲ್ಲ ಕಾರಣ ಓಣಿಯ ಮುಖ್ಯಸ್ಥ, ಎಲ್ಲರೂ ಗೌರವದಿಂದ ಬಪಾಕ್ ಎಂದು ಕರೆಯುವ ದಾರ್ಮೊ. ಗಲ್ಲಿಯ ಮೂಲೆಯ ಧ್ವನಿವರ್ಧಕದಿಂದ ಅವರ ದನಿ ಬೆಳಗಿನಿಂದ ಗುಡುಗುತ್ತಲೇ ಇತ್ತು.

"ಓಣಿಯ ಗಂಡಸರೇ! ನಮ್ಮ ಹಿರಿಯರು ಬಿದಿರು ಭರ್ಜಿ ಹಿಡ್ಕೊಂಡು ಗುಂಡಿಗೆ ಎದೆ ಕೊಟ್ರು. ನಿಮಗೆ ಮಂಚದಿಂದ ಏಳೋಕಾಗಲ್ವಾ? ಸ್ಪರ್ಧೆಗೆ ಮೈದಾನಕ್ಕೆ ಬನ್ನಿ! ನಾನು ಬೆಳಗಿನಿಂದ ಇಲ್ಲೇ, ಈ ಬಿಸಿಲಲ್ಲೇ ನಿಂತಿದೀನಿ!"

ಆಮೇಲೊಂದು ಕೆಮ್ಮು. ಹಿಂದೆಯೇ ಒಂದು ಕೋಳಿಯ ಕೂಗು.

"ಪಾಪ, ಗಂಟಲು ಕಟ್ಟಿದೆ," ಎಂದ ಪ್ರಾಪ್ತೊ. "ಆ ಕೋಳಿ ದೇಶಭಕ್ತಿ ನೋಡಿ. ಪ್ರತಿ ಸಲಾನೂ ಜೈ ಅಂತದೆ."

ವರ್ದೊಯೊಗೆ ನಗು ಬರಲಿಲ್ಲ. ಹೋದ ವರ್ಷ ಜ್ವರವೆಂದು ಸುಳ್ಳು ಹೇಳಿ ಮಲಗಿದ್ದವನನ್ನು ದಾರ್ಮೊ ಹಾಸಿಗೆಯಿಂದಲೇ ಎಬ್ಬಿಸಿಕೊಂಡು ಹೋಗಿದ್ದರು. ತಪ್ಪಿಸಿಕೊಂಡವರಿಗೆ ಓಣಿಯಲ್ಲಿ ಒಂದೇ ಶಿಕ್ಷೆ: ಜಿಡ್ಡು ಬಳಿದ ಜಾರುಕಂಬದ ಬುಡದಲ್ಲಿ ನಿಲ್ಲುವುದು. ಅವನ ಹೆಗಲು ತುಳಿದು ನಾಲ್ವರು ಹತ್ತಿದ್ದರು, ತುದಿಗೆ ಕಟ್ಟಿದ್ದ ಬಹುಮಾನದ ಬಕೆಟ್ಟು, ಸೈಕಲ್ಲು ಹಂಚಿಕೊಂಡಿದ್ದರು. ಅವನ ಪಾಲಿಗೆ ಬಂದದ್ದು ಉಳುಕಿದ ಬೆನ್ನು. ಈ ಸಲ ಸಿಕ್ಕಿಬಿದ್ದರೆ ಬೆನ್ನಿನ ಜೊತೆಗೆ ಮಾನವೂ ಹೋಗುತ್ತಿತ್ತು.

ಅದಕ್ಕೇ ಈ ಸಲ ಪಕ್ಕಾ ಏರ್ಪಾಡು. ಹೆಂಡತಿ ಮಕ್ಕಳು ಸೆಮರಾಂಗಿನ ಅತ್ತೆಮನೆಗೆ ನಿಜವಾಗಿಯೇ ಹೋಗಿದ್ದರು, ಹೋಗುವಾಗ ಗೇಟಿಗೆ ಹೊರಗಿನಿಂದ ಬೀಗ ಜಡಿದಿದ್ದರು. ಹೊಟ್ಟೆನೋವೆಂದು ಹೇಳಿದ ಗಿಮಾನ್, ಬದುಕಿರುವ ಸೋದರತ್ತೆಯನ್ನು ಸುಳ್ಳುಸುಳ್ಳೇ ಸಾಯಿಸಿದ ಪ್ರಾಪ್ತೊ, ಇಬ್ಬರೂ ಹಿತ್ತಲ ಗೋಡೆ ಹಾರಿ ಬಂದಿದ್ದರು. ಊರು ಬಿಡುವವರು ಮುಖ್ಯಸ್ಥರಿಗೆ ತಿಳಿಸಿ, ಬೀಗದ ಕೈ ಒಪ್ಪಿಸಿ ಹೋಗುವುದು ಓಣಿಯ ರೂಢಿ. ತಾನೂ ಸೆಮರಾಂಗಿಗೆ ಹೋಗುತ್ತೇನೆಂಬ ಸುಳ್ಳು ಗಟ್ಟಿಯಾಗಲೆಂದು ವರ್ದೊಯೊ ಅದನ್ನೂ ಬಿಡಲಿಲ್ಲ. ಹಿಂದಿನ ದಿನವೇ ಅಡುಗೆಮನೆ ಬಾಗಿಲಿನ ಕೀಲಿ ಒಪ್ಪಿಸಿದಾಗ ದಾರ್ಮೊ ಅವನ ಬೆನ್ನು ತಟ್ಟಿದ್ದರು.

"ಆರಾಮಾಗಿ ಹೋಗಿಬನ್ನಿ ಮಾಸ್. ಮನೆ ಕಡೆ ನಾನು ನೋಡ್ಕೋತೀನಿ."

ಅಣ್ಣನನ್ನು ಕರೆದ ಹಾಗೆ ಮಾಸ್ ಅಂದರಲ್ಲ, ಎಷ್ಟು ಒಳ್ಳೆಯ ಮನುಷ್ಯ, ಎಂದು ಆಗ ಅವನಿಗೆ ಒಂದು ಕ್ಷಣ ನಾಚಿಕೆಯೂ ಆಗಿತ್ತು.

"ಇನ್ನೊಂದು ಆಟ?" ಎಂದು ಗಿಮಾನ್ ಎಲೆ ಕಲಸತೊಡಗಿದ.

ಆಗಲೇ ಹಿತ್ತಲಲ್ಲಿ ಏನೋ ದೊಪ್ಪೆಂದಿತು. ಯಾರೋ ಗೋಡೆಯಿಂದ ಧುಮುಕಿದ್ದರು. ಚಪ್ಪಲಿಯ ಸದ್ದು ಹತ್ತಿರವಾಯಿತು. ಅಡುಗೆಮನೆಯ ಬಾಗಿಲಲ್ಲಿ ಕೀಲಿ ತಿರುಗಿತು.

"ನಿಮ್ಮ ಹೆಂಡ್ತಿ ಇರಬಹುದಾ?" ಎಂದು ಪ್ರಾಪ್ತೊ ಕೇಳಿದ.

"ಅವಳು ಗೋಡೆ ಹಾರ್ತಾಳೇನಯ್ಯಾ?" ಎಂದು ವರ್ದೊಯೊ ಪಿಸುಗುಟ್ಟಿದ. ಆ ಕೀಲಿ ಇದ್ದದ್ದು ಒಬ್ಬರ ಬಳಿ ಮಾತ್ರ. ಗಿಮಾನ್ ಎಲೆಗಳನ್ನು ಚಾಪೆಯಡಿಗೆ ತಳ್ಳಿ, ಹೊಟ್ಟೆಯನ್ನು ಹಿಡಿದುಕೊಂಡು ನರಳಲು ಶುರುಮಾಡಿದ. ವರ್ದೊಯೊನ ಉಳುಕಿದ ಬೆನ್ನು ಈಗಲೇ ನೋಯತೊಡಗಿತು.

ಬಾಗಿಲು ತೆರೆಯಿತು. ಬಪಾಕ್ ದಾರ್ಮೊ ನಿಂತಿದ್ದರು. ಉಟ್ಟದ್ದು ಮಾಸಿದ ಲುಂಗಿ, ಕಂಕುಳಲ್ಲಿ ದಿಂಬು, ಕೈಯಲ್ಲಿ ಹುರಿದ ಕಡಲೆಕಾಯಿಯ ದೊಡ್ಡ ಪೊಟ್ಟಣ.



"ನೀವು... ಸೆಮರಾಂಗಿಗೆ ಹೋಗಿಲ್ವಾ ಮಾಸ್?" ಎಂದು ಅವರು ತೊದಲಿದರು.

"ಹೋಗಿದ್ದೆ ಬಪಾಕ್..." ಎಂದು ವರ್ದೊಯೊ ಬಾಯಿ ತೆರೆದ. "ನೀವು ಮೈದಾನದಲ್ಲಿ..."

"ನಾನು ಬೆಳಗಿನಿಂದ ಇಲ್ಲೇ, ಈ ಬಿಸಿಲಲ್ಲೇ ನಿಂತಿದೀನಿ!" ಎಂದು ಗಲ್ಲಿಯ ಮೂಲೆಯಿಂದ ಬಪಾಕ್ ದಾರ್ಮೊ ಅವರ ದನಿ ಗುಡುಗಿತು, ಅದೇ ಕಡೆ ಕೆಮ್ಮಿತು, ಹಿಂದೆಯೇ ಅದೇ ಕೋಳಿ ಕೂಗಿತು.