ನೀಲವ್ವನ ಮನೆಯ ಚುಕ್ಕೆಗೆರೆ

ಗದಗಿನಲ್ಲಿ ಈಗ ಯಾರೂ ಯಾರಿಗೂ ಊಟಕ್ಕೆ ಹೇಳುವುದಿಲ್ಲ. ಪ್ರತಿ ಮನೆಯ ಬಾಗಿಲಲ್ಲೂ ಒಂದು ಪರದೆ ಇದೆ. ಅದರಲ್ಲಿ ಇದುವರೆಗೆ ಬಂದುಹೋದ ಅತಿಥಿಗಳದ್ದು ನೀಲಿ ಗೆರೆ, ಮುಂದೆ ಬರಲಿರುವವರದ್ದು, ಹಳೆಯ ಲೆಕ್ಕದ ಮೇಲೆ ವಾರ್ಡ್ ಆಫೀಸು ಎಳೆಯುವ ಚುಕ್ಕೆಗೆರೆ. ಅದನ್ನು ನೋಡಿ ಮನೆಯವರು ಎಸರಿಡುತ್ತಾರೆ, ಓಣಿಯವರು ಕೈಕಾಲು ತೊಳೆದು ಹೊರಡುತ್ತಾರೆ.

ಆ ಸೋಮವಾರ ನೀಲವ್ವನ ಮನೆಯ ಚುಕ್ಕೆಗೆರೆ ಒಮ್ಮೆಲೇ ನಲವತ್ತಕ್ಕೆ ಜಿಗಿದಿತ್ತು. ಅವಳು ವಾರ್ಡ್ ಆಫೀಸಿಗೆ ಫೋನ್ ಮಾಡಿ ರೇಗಿದಳು.

"ಹೋದ ವರ್ಷ ಇದ ದಿನ ನಮ್ಮ ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕಿದ್ವಿ, ನಲವತ್ತ ಮಂದಿ ಬಂದಿದ್ರು. ವರ್ಷಾ ವರ್ಷಾ ಹೆಸರ ಇಡ್ತಾರೇನ್ರಿ?"

"ಎಣಿಸಿ ನೋಡ್ತೀನ್ರಿ. ಒಬ್ರು ಹೆಚ್ಚುಕಡಿಮಿ ಆದ್ರೂ ಗೆರಿ ಅಳಸ್ತೀನಿ," ಎಂದ ಗುಮಾಸ್ತ ಅಂದಾನಪ್ಪ.

ಅವನು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಓಣಿಯವರು ಬಂದು ಕೂತಿದ್ದರು. ಬಂದವರನ್ನು ಹಾಗೇ ಕಳಿಸಲಾಗದೆ ನೀಲವ್ವ ಬೈಯುತ್ತಲೇ ಹೋಳಿಗೆ ಬೇಯಿಸಿದ್ದಳು. ಹೆಂಗಸರು ವರ್ಷ ತುಂಬಿದ ಮೊಮ್ಮಗಳನ್ನು ತೊಟ್ಟಿಲಲ್ಲಿ ತುರುಕಿ, ಅವಳ ಕಾಲು ಹೊರಗೆ ಚಾಚಿದ್ದರೂ ಹಾಡು ಹೇಳಿ, ಎರಡನೆಯ ಹೆಸರನ್ನೂ ಇಟ್ಟು ಮುಗಿಸಿದ್ದರು.

ಅಂದಾನಪ್ಪ ಎರಡು ಸಲ ಎಣಿಸಿದ. "ಮೂವತ್ತೊಂಬತ್ತ. ನಿಮ್ಮ ತಕರಾರು ಖರೇ ಐತ್ರಿ ಅಕ್ಕಾರ."

"ಹಂಗಾದ್ರ ಅಳಸ್ರಿ ಲಗೂನ!"

ಅವನ ಬೆರಳು ಪರದೆಯವರೆಗೆ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಬಿಸಿ ಹೋಳಿಗೆಯ ಘಮ ಬಂತು. ಊಟದ ಸಾಲಿನ ತುದಿಯಲ್ಲಿ ಒಂದು ಎಲೆ ಖಾಲಿ ಇತ್ತು. ಅಂದಾನಪ್ಪ ಕೈ ತೊಳೆದು ಬಂದು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಗೆರಿ ಬರೋಬ್ಬರಿ ಐತಿ ನೋಡ್ರಿ," ಎಂದ. "ತುಪ್ಪ ಸ್ವಲ್ಪ ಜಾಸ್ತಿ ಬಿಡ್ರಿ."