ಪಕ್ಕದ ಸೀಟು

"ಕಳ್ಳ! ನನ್ನ ಶೆಡ್ಡಲ್ಲೇ ನಿಂತು ನನ್ನ ಗಿರಾಕಿ ಕದೀತೀಯಾ?"

ಮೇಸ್ತ್ರಿ ಎಸೆದ ಸ್ಪ್ಯಾನರ್ ಹಳೇ ಟೈರುಗಳ ಗುಡ್ಡೆಗೆ ಬಡಿದು ಬಿತ್ತು. ತಮ್ಮ ಅದನ್ನು ಎತ್ತಿ, ಒರೆಸಿ, ಗೋಡೆಯ ಹಲಗೆಯ ಮೇಲೆ ಅದರ ಜಾಗದಲ್ಲೇ ಇಟ್ಟ. ಏನೋ ಹೇಳಿದ.

"ಗೊಣಗಬೇಡ! ಬಾಯಿ ಬಿಟ್ಟು ಹೇಳು!"

"ಕದ್ದಿಲ್ಲ ಅಂದೆ," ತಮ್ಮ ದನಿ ಏರಿಸಿದ.

"ಮತ್ತೆ ನರ್ಸಮ್ಮನಿಗೆ ಯಾಕೆ ಹೇಳ್ದೆ, ಭಾನುವಾರ ಗಾಡಿ ತನ್ನಿ, ಆವತ್ತು ಅಣ್ಣ ಇರಲ್ಲ ಅಂತ?"

ನರ್ಸಮ್ಮ ತನ್ನ ನೀಲಿ ಕಾರಿಗೆ ಒರಗಿ ನಿಂತು ಬ್ಯಾಗಿನ ಪಟ್ಟಿ ತಿರುಚುತ್ತಿದ್ದಳು. ಹದಿನೆಂಟು ವರ್ಷದ ಪುಟ್ಟ ಕಾರು. ಊರಾಚೆ ಗುಡ್ಡದ ಮೇಲಿನ ಮನೆಗಳಿಗೆ ಹೆರಿಗೆ ಮಾಡಿಸಲು ಅವಳು ಹೋಗುವುದು ಅದರಲ್ಲೇ. ಬೆಳಿಗ್ಗೆ ಬಂದವಳು ಕಂಪ್ರೆಸರ್ ಗದ್ದಲದ ನಡುವೆ ಕೂಗಿ ಹೇಳಿದ್ದಳು: "ಶನಿವಾರ ದಾರೀಲಿ ಸಿಕ್ಕಾಗ ನಿಮ್ಮ ತಮ್ಮ, ಭಾನುವಾರ ಗಾಡಿ ತನ್ನಿ, ಆವತ್ತು ಅಣ್ಣ ಇರಲ್ಲ ಅಂದಿದ್ರು. ಹೆರಿಗೆ ಇತ್ತು, ಬರೋಕಾಗ್ಲಿಲ್ಲ." ಅಷ್ಟೇ ಸಾಕಾಯಿತು.

"ಇವರೊಬ್ಬರಿಗೇನಾ ಹೇಳಿದ್ದು?"

ತಮ್ಮ ನೆಲ ನೋಡಿದ. "ಇಲ್ಲ. ತುಂಬ ಜನಕ್ಕೆ."

"ಎಷ್ಟು ದಿನದಿಂದ?"

"ಮೂರು ವರ್ಷ."

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಎಡಗೈಯ ಸುಲಿದ ಗೆಣ್ಣುಗಳನ್ನು ಬಲಗೈಯಿಂದ ಮುಚ್ಚಿಕೊಂಡು, ಸಿಕ್ಕಿಬಿದ್ದವನ ಹಾಗೆ ನಿಂತ. ಮೂರು ವರ್ಷದಿಂದ ಅವನು ಅಣ್ಣನಿಂದ ಒಂದು ವಿಷಯ ಮುಚ್ಚಿಟ್ಟಿದ್ದ, ನಿಜ.

ಊರಿಗೆಲ್ಲ ಅಣ್ಣ 'ಕಿವಿ ಮೇಸ್ತ್ರಿ'. ಗಾಡಿ ಓಡಿಸಿ, ಕೇಳಿ, ರೋಗ ಹೇಳುವವನು. ನಿಂತ ಗಾಡಿಯ ಸ್ಟೀರಿಂಗ್ ಅಲ್ಲಾಡಿಸಿದಾಗ ಕೈಗೆ ಕೊಟಕ್ ಅಂತ ಹೊಡೆದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈರಾಡ್ ಎಂಡು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕುವಾಗ ಟಕ್ ಟಕ್ ಟಕ್ ಅಂದರೆ ಚಕ್ರ ತಿರುಗಿಸುವ ಆಕ್ಸಲ್ಲಿನ ಜಾಯಿಂಟು. ಟಕ್ ಅಂದರೆ ಗಾಡಿಯ ಕೆಳಗೆ ಮಲಗುವುದು, ಅನ್ನದಿದ್ದರೆ ಕೀ ಗಿರಾಕಿಯ ಕೈಗೆ. ಶೆಡ್ಡಿನ ಕಾನೂನೇ ಅದು. ಓಡಿಸಿ ನೋಡುವಾಗ ತಮ್ಮ ಪಕ್ಕದ ಸೀಟಲ್ಲಿ, ಎಡಗೈ ಕಿಟಕಿಯಿಂದ ಹೊರಗೆ ನೇತುಹಾಕಿ ಕೂರುತ್ತಿದ್ದ. "ದೊರೆ ಸವಾರಿ ಹೊರಟ್ರು," ಎಂದು ಅಣ್ಣ ರೇಗುತ್ತಿದ್ದ.

"ಶುಕ್ರವಾರ ನಾನೇ ಟೈರಾಡ್ ಎಂಡ್ ಹಾಕ್ದೆ. ನಾನೇ ಓಡಿಸ್ದೆ. ಒಂದು ಶಬ್ದ ಇರ್ಲಿಲ್ಲ!"

"ಶುಕ್ರವಾರ ನಾನಿರ್ಲಿಲ್ಲ ಅಣ್ಣ. ಅತ್ತಿಗೆನ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ."

"ನೀನಿಲ್ದಿದ್ರೆ ಗಾಡಿ ಓಡಲ್ವಾ? ಬೇರೆ ಶೆಡ್ಡು ಹಾಕೋ ಆಸೆ ಇದ್ರೆ ಮುಖ ಕೊಟ್ಟು ಹೇಳು! ಹನ್ನೊಂದು ವರ್ಷದವನಿದ್ದಾಗಿಂದ ಅನ್ನ ಹಾಕಿ ಸಾಕಿದ್ದೀನಿ ನಿನ್ನ!"

ಮಾತು ಹೊರಬಿದ್ದ ಕೂಡಲೇ ಮೇಸ್ತ್ರಿಗೆ ತಪ್ಪು ತಿಳಿಯಿತು. ಅನ್ನ ಹಾಕಿದ್ದನ್ನು ಆಡಿ ತೋರಿಸಬಾರದಿತ್ತು. ಅದೂ ಹೊರಗಿನವರೆದುರು. ನಾಲಿಗೆ ಕಚ್ಚಿಕೊಳ್ಳಬೇಕಾದವನು ಇನ್ನೂ ಜೋರಾಗಿ ಕಿರುಚಿದ: "ಹೊರಡು!"

ತಮ್ಮ ಎಣ್ಣೆಬಟ್ಟೆಯನ್ನು ಮಡಿಚಿ ಬೆಂಚಿನ ಮೇಲಿಟ್ಟ. ನರ್ಸಮ್ಮನ ಬಳಿ ಹೋಗಿ ಏನೋ ಹೇಳಿದ. ಅವಳ ಹುಬ್ಬು ಗಂಟಾಯಿತು. ಹೋಗುವಾಗಲೂ ಗಿರಾಕಿಯ ಹತ್ತಿರ ಪಿಸುಮಾತು, ಎಂದುಕೊಂಡ ಮೇಸ್ತ್ರಿ.

"ಅಣ್ಣ, ಒಬ್ಬನೇ ಓಡಿಸಿ ನೋಡಬೇಡ. ಅವರನ್ನ ಪಕ್ಕದಲ್ಲಿ ಕೂರಿಸ್ಕೋ."

"ನಿನ್ನ ಬುದ್ಧಿವಾದ ನಿನ್ನ ಹತ್ರಾನೇ ಇರ್ಲಿ!"

ತಮ್ಮ ಗೇಟು ದಾಟಿ ಹೋದ. ಆ ಗೇಟಿನೊಳಕ್ಕೆ ಅವನು ಮತ್ತೆಂದೂ ಬರಲಿಲ್ಲ.

ಮೇಸ್ತ್ರಿ ತನ್ನ ಕೆಲಸಕ್ಕೆ ಸಾಕ್ಷಿಯಾಗಲೆಂದು ನರ್ಸಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಹೊರಡಿಸಿದ. ಗಾಡಿಯಲ್ಲಿ ಶಬ್ದವಿಲ್ಲದಿದ್ದರೆ ತಾನು ಸರಿ, ತಮ್ಮ ಕಳ್ಳ. ಶಬ್ದವಿದ್ದರೆ ತಾನು ಕೆಡಿಸಿದ ಕೆಲಸವನ್ನು ತಮ್ಮ ಭಾನುವಾರ ಗುಟ್ಟಾಗಿ ಸರಿ ಮಾಡಲು ಹೊರಟಿದ್ದ ಅಂತಾಯಿತು. ಈಗಲೇ ಓಡಿದರೆ ಬಸ್ ಸ್ಟಾಪಿನಲ್ಲಿ ಸಿಗುತ್ತಾನೆ. ಕೈ ಹಿಡಿದು ಕರೆತರಬಹುದು. ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಮೊದಲ ಸಲ ಮೇಸ್ತ್ರಿ ತಾನು ಮಾಡಿದ ಗಾಡಿ ಟಕ್ ಅನ್ನಲಿ ಎಂದು ಹಾರೈಸಿದ.

ಶೆಡ್ಡಿನೆದುರಿನ ಬಯಲಲ್ಲಿ ಸ್ಟೀರಿಂಗನ್ನು ಬಲಕ್ಕೆ ಪೂರ್ತಿ ಎಳೆದ. ಒಂದು ಸುತ್ತು. ಎರಡು. ಎಡಕ್ಕೆ ಎಳೆದ. ಉಸಿರು ಬಿಗಿಹಿಡಿದು ಕೇಳಿದ.

ಏನೂ ಇಲ್ಲ.

ಹಾಗಾದರೆ ತಮ್ಮ ಕಳ್ಳನೇ. "ನೋಡಿದ್ರಾ ನರ್ಸಮ್ಮ, ಒಂದು ಸದ್ದಿಲ್ಲ," ಎಂದ. ದನಿಯಲ್ಲಿ ಗೆದ್ದವನ ಬಿಗುವಿರಲಿಲ್ಲ.

ನರ್ಸಮ್ಮ ಅವನನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ಎಂಬಂತೆ ಮೊದಲು. ಆಮೇಲೆ, ರೋಗಿಗಳನ್ನು ನೋಡುವ ಹಾಗೆ. ಅವಳ ತುಟಿ ಅಲುಗಿತು.

"ಏನಂದ್ರಿ?"

ತಮ್ಮ ಹೇಳಿಕೊಟ್ಟಿದ್ದಂತೆ ಅವಳು ಎಡಗೈಯನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟು, ಚಕ್ರದಿಂದ ತನ್ನ ಕಿವಿಗೆ ಬೀಳುತ್ತಿದ್ದ ಸದ್ದಿಗೆ ಸರಿಯಾಗಿ ಬಾಗಿಲ ತಗಡಿನ ಮೇಲೆ ಗೆಣ್ಣಿನಿಂದ ಬಡಿಯತೊಡಗಿದಳು. ಟಕ್. ಟಕ್. ಟಕ್. ಇನ್ನೂ ಸುತ್ತುತ್ತಿದ್ದ ಗಾಡಿಯ ವೇಗ ಏರಿದಂತೆ ಬಡಿತವೂ ಚುರುಕಾಯಿತು.

ಮೂರು ವರ್ಷದಿಂದ ಮೇಸ್ತ್ರಿ ಕೇಳುತ್ತಿದ್ದ ಆಕ್ಸಲ್ ಶಬ್ದ ಅದೇ.