ಮನೆಯಲ್ಲೇ ಒಪೆರಾ... ಮಾವನ ಒಂದು ‘ಭಲೇ’

ಅವಸರದಲ್ಲಿ ಬರೆಯುತ್ತಿದ್ದೇನೆ... ಟೈಪಿಂಗ್ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿನ್ನೆ ನಮ್ಮ ಮನೆಯಲ್ಲಿ ನಡೆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ!

ನಾನು ಮಂಡ್ಯದವಳು, ಧಾರವಾಡಕ್ಕೆ ಸೊಸೆಯಾಗಿ ಬಂದವಳು. ನಮ್ಮ ಮಾವ ಗುರುಪಾದಪ್ಪ, ರಿಟೈರ್ಡ್ ಡ್ರಾಯಿಂಗ್ ಮಾಸ್ತರರು.

ಹಾಡಲು ಬಾರದು, ಬಾರಿಸಲು ಬಾರದು... ಆದರೂ ಊರಿನ ಪ್ರತಿ ಸಂಗೀತ ಕಛೇರಿಯಲ್ಲಿ ಮುಂದಿನ ಸಾಲಿನ ಕುರ್ಚಿ ಅವರದೇ.

ಯಾಕೆ ಗೊತ್ತಾ? ಅವರ ‘ಭಲೇ’ಗಾಗಿ!

ಹಾಡುವವರು ಒಂದು ಸೊಗಸಾದ ಜಾಗ ಮುಟ್ಟಿದ ಕೂಡಲೇ, ಚಪ್ಪಾಳೆಗೂ ಮುಂಚೆ, ಎದೆ ತುಂಬಿ ಒಂದು ‘ಭಲೇ’ ಬೀಳುತ್ತಿತ್ತು. ಅದಕ್ಕಾಗಿ ಕಲಾವಿದರೂ ಇವರ ಮುಖ ನೋಡಿಕೊಂಡೇ ಹಾಡುತ್ತಿದ್ದರು...

ಕಳೆದ ವರ್ಷ ಗಂಟಲಿನ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು, ಜೀವ ಉಳಿಯಿತು... ದನಿ ಹೋಯಿತು.

ಡಾಕ್ಟರು ಟಾರ್ಚ್‌ನಷ್ಟು ಉದ್ದದ ಒಂದು ಮಷಿನ್ ಕೊಟ್ಟರು. ಕುತ್ತಿಗೆಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಗುಂಯ್ ಎನ್ನುವ ದನಿಯಲ್ಲಿ ಮಾತು ಬರುತ್ತದೆ.

ಅದನ್ನೇ ಹಿಡಿದು ಒಂದು ಕಛೇರಿಗೆ ಹೋದರು. ‘ಭಲೇ’ ಅಂದರು. ಇಡೀ ಹಾಲ್ ತಿರುಗಿ ನೋಡಿತು... ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಅವತ್ತೇ ಮಷಿನ್ ಶೋಕೇಸ್ ಸೇರಿತು. ಎಂಟು ತಿಂಗಳು ಒಂದೇ ಒಂದು ಮಾತಿಲ್ಲ! ಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುವುದು, ಅಷ್ಟೇ.

ಫೋನ್‌ನಲ್ಲಿ ಕಛೇರಿ ಹಾಕಿಕೊಟ್ಟರೆ “ಬ್ಯಾಡ” ಎಂದು ಬರೆಯುತ್ತಿದ್ದರು. ಪರಿಚಯದ ರಾಗ ಕಿವಿಗೆ ಬಿದ್ದರೆ ಸಂಕಟ. ಅಂಥ ಮನುಷ್ಯ ದಿನೇ ದಿನೇ ಮುದುಡಿಕೊಳ್ಳುತ್ತಿದ್ದರು...

ಅತ್ತೆ ನೀಲಾಂಬಿಕೆ ಮಾತ್ರ ಏನೂ ಆಗದವರಂತೆ ರೊಟ್ಟಿ ಬಡಿಯುತ್ತಿದ್ದರು. ಇವರಿಗೆ ಚಿಂತೆಯೇ ಇಲ್ಲವಾ ಎಂದು ನನಗೆ ಒಳಗೊಳಗೇ ಸಿಟ್ಟು.

ನಿನ್ನೆ ಭಾನುವಾರ. ಗೆಳತಿಯೊಬ್ಬಳು ಲಿಂಕ್ ಕಳಿಸಿದಳು. ಯುರೋಪಿನ ಒಂದು ಥಿಯೇಟರ್‌ನಿಂದ ಒಪೆರಾ, ಫ್ರೀ ಸ್ಟ್ರೀಮಿಂಗ್! ಒಪೆರಾ ಅಂದರೆ ಮಾತನ್ನೆಲ್ಲ ಹಾಡಿಯೇ ಆಡುವ ನಾಟಕ. ನೋಡೇಬಿಡೋಣ ಎಂದು ಟಿವಿಗೆ ಕನೆಕ್ಟ್ ಮಾಡಿದೆ.

ಐದು ನಿಮಿಷಕ್ಕೆ ಮಾವ ನೋಟ್‌ಬುಕ್ ಎತ್ತಿದರು. “ತಂಬೂರಿ ಎಲ್ಲೈತಿ?”

“ಇದ್ರಲ್ಲಿ ಇರಲ್ಲ ಮಾವ...”

ಮತ್ತೆ ಬರೆದರು. “ಒಬ್ಬಾಕಿ ಹಾಡಾಕ ಬಾರಿಸೋರು ಅರವತ್ತು ಮಂದೀ? ಇವರಿಗೆಲ್ಲಾ ಊಟಕ್ಕ ಹಾಕೋರು ಯಾರು?”

ಎಂಟು ತಿಂಗಳಲ್ಲಿ ಮೊದಲ ಜೋಕ್! ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅವರ ಕೈ ತೊಡೆಯ ಮೇಲೆ ತಾಳ ಹುಡುಕಿತು. ಸಿಗಲಿಲ್ಲ... ಬಿಟ್ಟರು. ನಾನು ಸಬ್‌ಟೈಟಲ್ ಓದಿ ಕಥೆ ಹೇಳತೊಡಗಿದೆ.

“ಯುದ್ಧಕ್ಕೆ ಹೋದ ಅಣ್ಣ ಸತ್ತೋದ ಅಂತ ಊರೋರೆಲ್ಲ ಹೇಳ್ತಿದಾರೆ ಮಾವ, ತಂಗಿ ನಂಬ್ತಿಲ್ಲ...”

ಮಾವ ಕೈ ಅಡ್ಡ ಹಿಡಿದರು. ಸುಮ್ಮನಿರು ಅಂತ!

ಆ ಭಾಷೆಯ ಒಂದಕ್ಷರ ಗೊತ್ತಿಲ್ಲ... ಆದರೂ ಕಣ್ಣು ಟಿವಿ ಬಿಟ್ಟು ಕದಲಲಿಲ್ಲ.

ಕೊನೆಗೆ ಆ ತಂಗಿ ಒಬ್ಬಳೇ ನಿಂತು ಹಾಡತೊಡಗಿದಳು. ದನಿ ಮೇಲೆ ಹೋಯಿತು... ಇನ್ನೂ ಮೇಲೆ... ನನಗೆ ಮೈ ಜುಮ್ಮೆಂದಿತು! ಮಾವ ಸೋಫಾದ ತುದಿಗೆ ಬಂದಿದ್ದರು.

“ಮಾವ, ಕೆಳಗಡೆ ಕಮೆಂಟ್ ಹಾಕ್ಬಹುದು... ಚಪ್ಪಾಳೆ ಎಮೋಜಿ ಒತ್ಲಾ?”

ಅವರು ನನ್ನನ್ನು ನೋಡಿದ ನೋಟಕ್ಕೆ ಫೋನ್ ಕೆಳಗಿಟ್ಟೆ.

ಎದ್ದರು. ಶೋಕೇಸ್ ಬಾಗಿಲು ತೆಗೆದರು... ಮಷಿನ್ ಕೈಗೆತ್ತಿಕೊಂಡು ಕುತ್ತಿಗೆಗೆ ಒತ್ತಿ ಹಿಡಿದು ಕಾದರು. ಮನೆಯಲ್ಲಿ ನಗುವವರು ಯಾರಿದ್ದಾರೆ?

ಅವಳ ಕೊನೆಯ ಸ್ವರ ಅಷ್ಟೆತ್ತರದಲ್ಲಿ ನಿಂತು, ನಿಂತು, ಮುಗಿಯಿತು...

“ಭಲೇ!”

ಮಷಿನ್ನಿನ ದನಿಯೇ ಹೌದು. ಆದರೆ ಸರಿಯಾದ ಜಾಗಕ್ಕೆ, ಚಪ್ಪಾಳೆಗೂ ಒಂದು ಕ್ಷಣ ಮೊದಲು ಬಿತ್ತು! ಆಮೇಲೆ ಅಲ್ಲಿನ ಇಡೀ ಥಿಯೇಟರ್ ಎದ್ದು ಚಪ್ಪಾಳೆ ತಟ್ಟಿತು. ಇಲ್ಲಿ ನಾನು ಕುಣಿದುಬಿಟ್ಟೆ.

ಅತ್ತೆ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದರು. “ಯಾರು ಅಂದದ್ದು? ನೀವೇನ್ರಿ?”

ಆಗ ನನಗೆ ಹೊಳೆಯಿತು... “ಅತ್ತೆ, ಎಂಟು ತಿಂಗಳಿಂದ ಇದನ್ನ ಯಾರೂ ಮುಟ್ಟೇ ಇಲ್ಲ. ಚಾರ್ಜ್ ಹೇಗಿತ್ತು ಇದ್ರಲ್ಲಿ?”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಪ್ರತಿ ಸೋಮವಾರ ಪೂಜಾ ಆದಮ್ಯಾಲ ನಾನ ಚಾರ್ಜಿಗೆ ಹಾಕಿ ಇಡ್ತಿದ್ನಿ. ಇವರು ಮನಸ್ಸು ಮಾಡಿ ತಗೊಂಡ ದಿನ ಅದು ಕೈ ಕೊಟ್ರ... ಮತ್ತ ಜನ್ಮದಾಗ ಮುಟ್ಟತಿದ್ದಿಲ್ಲ ಇವರು.”

ಎಂಟು ತಿಂಗಳ ಸೋಮವಾರಗಳು! ಯಾರಿಗೂ ಹೇಳದೆ, ಒಂದು ವಾರವೂ ತಪ್ಪಿಸದೆ... ಇವರಿಗೆ ಚಿಂತೆಯಿಲ್ಲ ಅಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಟಿವಿಯಲ್ಲಿ ಹಾಡಿದವಳಿಗೆ ಹೂಗುಚ್ಛ ಕೊಡುತ್ತಿದ್ದರು. ಮಾವ ಆ ಕಡೆ ನೋಡಲೇ ಇಲ್ಲ. ಅತ್ತೆಯನ್ನೇ ನೋಡುತ್ತ, ಮತ್ತೆ ಮಷಿನ್ ಕುತ್ತಿಗೆಗೆ ಒತ್ತಿದರು...

“ಭಲೇ... ನೀಲಾ.”

ನಲವತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿಯನ್ನು ಹೆಸರು ಹಿಡಿದು ಕರೆದಿದ್ದರು!

ಅತ್ತೆ ನಿಂತಲ್ಲೇ ಕೂತು ಅತ್ತರು... ಅಳುತ್ತಲೇ ನಕ್ಕರು.

“ಸೊಸಿ ಮುಂದ ಏನ್ರಿ ಇದು... ಇನ್ನೊಮ್ಮೆ ಅನ್ರಿ.”

*

ದೂರದ ಕಲಾವಿದರಿಗೆ ಚಪ್ಪಾಳೆ ಇರಲಿ... ಮನೆಯೊಳಗೆ ಸದ್ದಿಲ್ಲದೆ ನಮಗಾಗಿ ಕಾಯುವವರಿಗೆ ಮೊದಲ ‘ಭಲೇ’ ಸಲ್ಲಲಿ.

ನಿಮ್ಮ ಮನೆಯವರಿಗೆ ನೀವು ಬಾಯಿ ತುಂಬ ‘ಭಲೇ’ ಅಂದು ಎಷ್ಟು ದಿನವಾಯಿತು?